ಜಾಲತಾಣಕ್ಕೂ ಬೇಕು ತಿಂಗಳ ತಪಾಸಣೆ: ಬಳಕೆ ಪರೀಕ್ಷೆಯ ಯೋಜನೆ ಹಾಕುವುದು ಹೇಗೆ?

ಜಾಲತಾಣವೊಂದರ ಉದ್ಘಾಟನೆಯ ದಿನ ದೀಪ ಬೆಳಗುತ್ತದೆ, ಗಣ್ಯರೊಬ್ಬರು ಗುಂಡಿ ಒತ್ತುತ್ತಾರೆ, ಪತ್ರಿಕೆಗಳಲ್ಲಿ ಛಾಯಾಚಿತ್ರ ಪ್ರಕಟವಾಗುತ್ತದೆ. ಮರುದಿನ ಅದೇ ತಾಣದ ಮುಂದೆ ಕುಳಿತ ತಾಯಿಯೊಬ್ಬರು ಮಗಳ ವಿದ್ಯಾರ್ಥಿವೇತನದ ಅರ್ಜಿಯ ಮೂರನೆಯ ಪುಟದಲ್ಲಿ ಸಿಕ್ಕಿಕೊಳ್ಳುತ್ತಾರೆ. 'ಕೊನೆಯ ಹೆಸರು' ಎಂಬ ಕಡ್ಡಾಯ ಖಾನೆಯಲ್ಲಿ ಏನು ಬರೆಯಬೇಕೆಂದು ತೋಚುವುದಿಲ್ಲ. ಮಗಳ ಹೆಸರಿನ ಜೊತೆಗಿರುವುದು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ. ಖಾನೆ ಖಾಲಿ ಬಿಟ್ಟರೆ ಪುಟ ಮುಂದೆ ಹೋಗದು. ಚುಕ್ಕಿ ಇಟ್ಟರೆ ಕೆಂಪು ಅಕ್ಷರದ ಎಚ್ಚರಿಕೆ. ಅರ್ಧ ಗಂಟೆ ಹೆಣಗಿ, ತಮಗೇ ಗಣಕಯಂತ್ರ ಬಾರದು ಎಂದುಕೊಂಡು ಅವರು ಎದ್ದು ಹೋಗುತ್ತಾರೆ. ದೂರು ಕೊಡುವುದಿಲ್ಲ. ತಾಣ ಕಟ್ಟಿದವರಿಗೆ ಈ ಸಂಗತಿ ತಿಳಿಯುವುದೇ ಇಲ್ಲ.

ತಿಳಿಯಲು ಇರುವ ಮಾರ್ಗ ಬಹಳ ಸರಳವಾದದ್ದು. ತಾಣವನ್ನು ಬಳಸಬೇಕಾದ ಜನರಲ್ಲಿ ಕೆಲವರನ್ನು ಕರೆದು, ಒಂದು ಕೆಲಸ ಕೊಟ್ಟು, ಪಕ್ಕದಲ್ಲಿ ಕುಳಿತು ನೋಡುವುದು. ಉದ್ಯಮದವರು ಇದನ್ನು ಯೂಸಬಿಲಿಟಿ ಟೆಸ್ಟಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಬಳಕೆ ಪರೀಕ್ಷೆ ಎನ್ನಲು ಅಡ್ಡಿಯಿಲ್ಲ. ಹೆಸರಿನಲ್ಲಿ 'ಪರೀಕ್ಷೆ' ಇದ್ದರೂ ಇಲ್ಲಿ ಪರೀಕ್ಷೆಗೆ ಒಳಗಾಗುವುದು ತಾಣವೇ ಹೊರತು ವ್ಯಕ್ತಿಯಲ್ಲ. ಇದು ಅಭಿಪ್ರಾಯ ಸಂಗ್ರಹವೂ ಅಲ್ಲ. 'ತಾಣ ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರ ಬರುತ್ತದೆ. ಅದೇ ಮಂದಿಗೆ 'ಕಳೆದ ತಿಂಗಳ ರಸೀದಿ ಹುಡುಕಿ ಕೊಡಿ' ಎಂದರೆ ಹತ್ತು ನಿಮಿಷವಾದರೂ ರಸೀದಿ ಸಿಗದಿರಬಹುದು.

ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ 9241-11ನೇ ಮಾನಕವು 1998ರಲ್ಲೇ ಬಳಕೆಯ ಗುಣವನ್ನು ಅಳೆಯಲು ಮೂರು ಅಂಶಗಳನ್ನು ಹೇಳಿತು: ಕೆಲಸ ಪೂರ್ಣಗೊಂಡಿತೇ, ಅದಕ್ಕೆ ಎಷ್ಟು ಶ್ರಮ ತಗುಲಿತು, ಮಾಡಿದವರಿಗೆ ತೃಪ್ತಿಯಾಯಿತೇ. 2018ರಲ್ಲಿ ಪರಿಷ್ಕರಣೆಯಾದ ಮೇಲೂ ಈ ಮೂರು ಉಳಿದಿವೆ. ಮಾನಕದ ಮತ್ತೊಂದು ಮಾತು ಅಷ್ಟೇ ಮುಖ್ಯ. ಯಾವ ಬಳಕೆದಾರ, ಯಾವ ಗುರಿ, ಯಾವ ಸನ್ನಿವೇಶ ಎಂಬುದನ್ನು ಹೇಳದೆ 'ಸುಲಭ' ಎಂಬ ಪದಕ್ಕೆ ಅರ್ಥವಿಲ್ಲ. ಕಚೇರಿಯ ದೊಡ್ಡ ಪರದೆಯಲ್ಲಿ ಸುಲಭವಾದದ್ದು ಬಸ್ಸಿನಲ್ಲಿ ನಿಂತು ಮೊಬೈಲ್ ಹಿಡಿದವರಿಗೆ ಸುಲಭವಾಗಿರಬೇಕೆಂದಿಲ್ಲ.

ಬ್ರಿಟನ್ ಸರ್ಕಾರದ ಕಟ್ಟಳೆ

ಬಳಕೆ ಪರೀಕ್ಷೆಯನ್ನು ಒಮ್ಮೆ ಮಾಡಿ ಮುಗಿಸುವ ಶಾಸ್ತ್ರವೆಂದು ಭಾವಿಸದೆ, ನಿರಂತರವಾಗಿ ನಡೆಯಬೇಕಾದ ಕೆಲಸವೆಂದು ಸರ್ಕಾರಿ ನಿಯಮದಲ್ಲೇ ಬರೆದ ದೇಶ ಬ್ರಿಟನ್. ಮಾರ್ಥಾ ಲೇನ್ ಫಾಕ್ಸ್ ಅವರು 2010ರಲ್ಲಿ ನೀಡಿದ ವರದಿಯ ಫಲವಾಗಿ 2011ರಲ್ಲಿ ಅಲ್ಲಿ ಗವರ್ನಮೆಂಟ್ ಡಿಜಿಟಲ್ ಸರ್ವಿಸ್ ಎಂಬ ಘಟಕ ರೂಪುಗೊಂಡಿತು. ಸರ್ಕಾರದ ಹಳೆಯ ತಾಣ ಡೈರೆಕ್ಟ್‌ಗವ್ ಬದಲಿಗೆ 2012ರ ಅಕ್ಟೋಬರ್ 17ರಂದು ಗವ್.ಯುಕೆ ಬಂತು. 2014ರ ಏಪ್ರಿಲ್‌ನಿಂದ ಹೊಸ ಆನ್‌ಲೈನ್ ಸೇವೆಗಳು 26 ಅಂಶಗಳ ಮಾನದಂಡವನ್ನು ದಾಟಬೇಕೆಂಬ ಕಟ್ಟಳೆ ಜಾರಿಯಾಯಿತು. ಅದರ 20ನೇ ಅಂಶವೇ ನಿರಂತರ ಬಳಕೆದಾರ ಅಧ್ಯಯನ ಮತ್ತು ಬಳಕೆ ಪರೀಕ್ಷೆಗೆ ಯೋಜನೆ ಇರಬೇಕೆಂಬುದು. ಯೋಜನೆ ತೋರಿಸದ ಇಲಾಖೆಯ ಸೇವೆ ತನಿಖಾ ಮಂಡಳಿಯ ಮುಂದೆ ನಪಾಸಾಗಬಹುದಿತ್ತು.

ಕೊನೆಯ, ಅಂದರೆ 26ನೇ ಅಂಶ ಸ್ವಾರಸ್ಯಕರವಾದದ್ದು. ಸೇವೆಯನ್ನು ಆರಂಭದಿಂದ ಕೊನೆಯವರೆಗೆ ಸಂಬಂಧಪಟ್ಟ ಸಚಿವರಿಂದಲೇ ಪರೀಕ್ಷೆ ಮಾಡಿಸಬೇಕು! ರಿಬ್ಬನ್ ಕತ್ತರಿಸುವುದಕ್ಕೂ ಅರ್ಜಿ ತುಂಬಿ ನೋಡುವುದಕ್ಕೂ ಇರುವ ಅಂತರವನ್ನು ಆ ಒಂದು ಸಾಲು ಚೆನ್ನಾಗಿ ಅರಿತಿತ್ತು. 2015ರಲ್ಲಿ ಅಂಶಗಳು 18ಕ್ಕೆ ಇಳಿದವು. 2019ರಲ್ಲಿ 14ಕ್ಕೆ ಇಳಿದಾಗ ಸಚಿವರ ಪರೀಕ್ಷೆ ಪಟ್ಟಿಯಿಂದ ಮರೆಯಾಯಿತು. ಬಳಕೆದಾರರನ್ನು ಅರಿಯಬೇಕು, ಸೇವೆಯನ್ನು ಪದೇ ಪದೇ ಸುಧಾರಿಸಬೇಕು ಎಂಬ ಅಂಶಗಳು ಉಳಿದುಕೊಂಡವು.

ಕಟ್ಟಳೆಯ ಹಿಂದೆ ಅನುಭವವಿತ್ತು. 2013ರಿಂದ 2015ರವರೆಗೆ 25 ದೊಡ್ಡ ಸೇವೆಗಳನ್ನು ಮಾದರಿಯಾಗಿ ಆರಿಸಿ ಹೊಸದಾಗಿ ರೂಪಿಸಲಾಯಿತು. ಅವುಗಳಲ್ಲಿ ಒಂದು, ಮನೆಯಲ್ಲಿ ಅಶಕ್ತರ ಆರೈಕೆ ಮಾಡುವವರಿಗೆ ಸಿಗುವ ಭತ್ಯೆಯ ಅರ್ಜಿ. ಬಳಕೆದಾರರ ಜೊತೆ ಕುಳಿತು ನೋಡುತ್ತಾ ಹೋದಂತೆ ಹಳೆಯ ಅರ್ಜಿಯ ಸರಿಸುಮಾರು ಅರ್ಧದಷ್ಟು ಪ್ರಶ್ನೆಗಳನ್ನೇ ಕೈಬಿಡಲಾಯಿತು. ಹಾಸಿಗೆ ಹಿಡಿದ ತಾಯಿಯ ಪಕ್ಕದಲ್ಲಿ ಕುಳಿತು ರಾತ್ರಿ ಅರ್ಜಿ ತುಂಬುವವರ ಪಾಲಿಗೆ ಇದು ಸಣ್ಣ ಸಂಗತಿಯಲ್ಲ.

ಒಂದು ಗುಂಡಿ, 30 ಕೋಟಿ ಡಾಲರ್

ಖಾಸಗಿ ವಲಯದಲ್ಲಿ ಈ ಪರೀಕ್ಷೆಗೆ ಬೆಲೆ ಬಂದದ್ದು ಲಾಭ-ನಷ್ಟದ ಲೆಕ್ಕದಿಂದ. ಅಮೆರಿಕದ ಸಲಹೆಗಾರ ಜೇರೆಡ್ ಸ್ಪೂಲ್ 2009ರಲ್ಲಿ ಪ್ರಕಟಿಸಿದ ಪ್ರಸಂಗ ಈ ಕ್ಷೇತ್ರದಲ್ಲಿ ಮನೆಮಾತಾಗಿದೆ. ದೊಡ್ಡ ಮಾರಾಟ ತಾಣವೊಂದರಲ್ಲಿ ಗಿರಾಕಿ ಸರಕು ಆರಿಸಿ ಹಣ ಕೊಡಲು ಹೊರಟಾಗ ಒಂದು ಪುಟ ಅಡ್ಡ ಬರುತ್ತಿತ್ತು: ಇಮೇಲ್, ಪಾಸ್‌ವರ್ಡ್, 'ಲಾಗಿನ್', 'ನೋಂದಣಿ'. ಒಮ್ಮೆ ನೋಂದಾಯಿಸಿಕೊಂಡರೆ ಮುಂದಿನ ಬಾರಿ ಬೇಗ ಕೊಳ್ಳಬಹುದೆಂಬುದು ವಿನ್ಯಾಸಕರ ಸದುದ್ದೇಶ. ಗಿರಾಕಿಗಳನ್ನು ಕೂರಿಸಿ ನೋಡಿದಾಗ ಚಿತ್ರ ಬೇರೆಯೇ ಇತ್ತು. ಹೊಸಬರಿಗೆ ನೋಂದಣಿ ಎಂದರೆ ಸಿಟ್ಟು. ಹಳಬರಿಗೆ ಯಾವ ಇಮೇಲ್ ಕೊಟ್ಟಿದ್ದೆವು, ಯಾವ ಪಾಸ್‌ವರ್ಡ್ ಎಂಬುದೇ ನೆನಪಿಲ್ಲ. ದತ್ತಾಂಶ ತೆಗೆದು ನೋಡಿದರೆ ಶೇ. 45ರಷ್ಟು ಗಿರಾಕಿಗಳು ಒಂದಕ್ಕಿಂತ ಹೆಚ್ಚು ಬಾರಿ ನೋಂದಾಯಿಸಿಕೊಂಡಿದ್ದರು. ಮರೆತ ಪಾಸ್‌ವರ್ಡಿಗಾಗಿ ದಿನಕ್ಕೆ 1,60,000 ಕೋರಿಕೆಗಳು ಬರುತ್ತಿದ್ದವು. ಹಾಗೆ ಕೋರಿದವರಲ್ಲಿ ಶೇ. 75 ಮಂದಿ ಖರೀದಿ ಪೂರ್ಣಗೊಳಿಸಲು ಮತ್ತೆ ಯತ್ನಿಸಲೇ ಇಲ್ಲ.

ಪರಿಹಾರವಾಗಿ 'ನೋಂದಣಿ' ಗುಂಡಿ ತೆಗೆದು 'ಮುಂದುವರಿಯಿರಿ' ಎಂಬ ಗುಂಡಿ ಇಡಲಾಯಿತು. ಕೊಳ್ಳಲು ಖಾತೆ ಬೇಕಿಲ್ಲ ಎಂಬ ಒಂದು ಸಾಲನ್ನೂ ಸೇರಿಸಲಾಯಿತು. ಕೊಳ್ಳುವವರ ಸಂಖ್ಯೆ ಶೇ. 45ರಷ್ಟು ಏರಿತೆಂದೂ ಮೊದಲ ವರ್ಷದ ಹೆಚ್ಚುವರಿ ವಹಿವಾಟು 30 ಕೋಟಿ ಡಾಲರ್ ಎಂದೂ ಸ್ಪೂಲ್ ಬರೆದಿದ್ದಾರೆ. ಕಂಪನಿಯ ಹೆಸರನ್ನು ಅವರು ಹೇಳಿಲ್ಲವಾದ್ದರಿಂದ ಇದು ಅವರ ಲೆಕ್ಕವೇ. ಆದರೆ ಖಾತೆ ತೆರೆಯುವ ಪುಟವನ್ನು ಬಾಗಿಲಲ್ಲೇ ಇಟ್ಟರೆ ಜನ ಒಳಗೆ ಬರುವುದಿಲ್ಲ ಎಂಬ ಪಾಠಕ್ಕೆ ನಾಲ್ಕು ವರ್ಷಗಳ ನಂತರ ಅಮೆರಿಕ ಸರ್ಕಾರವೇ ಸಾಕ್ಷಿ ಒದಗಿಸಿತು.

2013ರ ಅಕ್ಟೋಬರ್ 1ರಂದು ಆರೋಗ್ಯ ವಿಮೆಯ ಹೆಲ್ತ್‌ಕೇರ್.ಗವ್ ತಾಣ ತೆರೆಯಿತು. ವಿಮಾ ಯೋಜನೆಗಳ ದರವನ್ನು ನೋಡಬೇಕಾದರೂ ಮೊದಲು ಖಾತೆ ತೆರೆಯಬೇಕಿತ್ತು. ಲಕ್ಷಾಂತರ ಮಂದಿ ಆ ಬಾಗಿಲಲ್ಲೇ ನಿಂತರು. ಮೊದಲ ದಿನ ವಿಮೆಗೆ ಸೇರಲು ಸಾಧ್ಯವಾದದ್ದು ಆರು ಮಂದಿಗೆ ಎಂಬುದು ನಂತರ ಸಂಸದೀಯ ಸಮಿತಿ ಬಹಿರಂಗಪಡಿಸಿದ ಕಡತಗಳಿಂದ ಗೊತ್ತಾಯಿತು. ಇಡೀ ವ್ಯವಸ್ಥೆಯನ್ನು ಒಟ್ಟಾಗಿ ಪರೀಕ್ಷಿಸಿದ್ದು ಕೊನೆಯ ಎರಡು ವಾರಗಳಲ್ಲಷ್ಟೇ ಎಂದು ಗುತ್ತಿಗೆದಾರರು ಅದೇ ತಿಂಗಳು ಸಮಿತಿಯ ಮುಂದೆ ಒಪ್ಪಿಕೊಂಡರು. ಆ ವೈಫಲ್ಯಕ್ಕೆ ತಾಂತ್ರಿಕ ಕಾರಣಗಳೇ ಹೆಚ್ಚು, ನಿಜ. ಆದರೂ ಎಲ್ಲರನ್ನೂ ಒಂದೇ ಕಿರಿದಾದ ಬಾಗಿಲಿಗೆ ನೂಕಿದ ವಿನ್ಯಾಸ ಆ ಹೊರೆಯನ್ನು ಹೆಚ್ಚಿಸಿತು.

ಎಷ್ಟು ಮಂದಿ ಬೇಕು?

ಯೋಜನೆ ಹಾಕುವವರು ಮೊದಲು ಕೇಳುವ ಪ್ರಶ್ನೆ ಇದು. ಈ ಪ್ರಶ್ನೆಯ ಸುತ್ತ ವಿದ್ವಾಂಸರ ನಡುವೆ ದೊಡ್ಡ ಜಗಳವೇ ನಡೆದಿದೆ. ಡೆನ್ಮಾರ್ಕ್ ಮೂಲದ ಜಾಕೋಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡವರ್ 1993ರಲ್ಲಿ ಒಂದು ಗಣಿತ ಸೂತ್ರ ಕೊಟ್ಟರು. ಒಬ್ಬ ಬಳಕೆದಾರನನ್ನು ನೋಡಿದರೆ ತಾಣದ ತೊಡಕುಗಳಲ್ಲಿ ಸರಾಸರಿ ಶೇ. 31 ಕಾಣುತ್ತವೆ. ಎರಡನೆಯವನಲ್ಲಿ ಹಳೆಯವೂ ಕೆಲವು ಹೊಸವೂ ಸಿಗುತ್ತವೆ. ಹೀಗೆ ಐದು ಮಂದಿಯಾಗುವಷ್ಟರಲ್ಲಿ ಸುಮಾರು ಶೇ. 85 ಬಯಲಾಗುತ್ತವೆ, ಮುಂದೆ ಕರೆದಷ್ಟೂ ಹೊಸದು ಕಡಿಮೆ. 2000ರಲ್ಲಿ ನೀಲ್ಸನ್ ಇದನ್ನೇ 'ಐದು ಮಂದಿ ಸಾಕು' ಎಂದು ಸಾರಿದರು.

ಮರುವರ್ಷವೇ ಸ್ಪೂಲ್ ಮತ್ತು ವಿಲ್ ಶ್ರೋಡರ್ ಪ್ರತಿವಾದ ಹೂಡಿದರು. ನಾಲ್ಕು ಮಾರಾಟ ತಾಣಗಳಲ್ಲಿ 49 ಮಂದಿಯನ್ನು ಪರೀಕ್ಷಿಸಿದಾಗ ಮೊದಲ ಐವರಿಂದ ಸಿಕ್ಕಿದ್ದು ಕೇವಲ ಶೇ. 35. ಖರೀದಿಯನ್ನೇ ತಡೆಯುವ ಗಂಭೀರ ದೋಷಗಳು ಹದಿಮೂರನೆಯ, ಹದಿನೈದನೆಯ ವ್ಯಕ್ತಿಯವರೆಗೂ ಹೊಸದಾಗಿ ಬರುತ್ತಲೇ ಇದ್ದವು. 2003ರಲ್ಲಿ ಲಾರಾ ಫಾಕ್ನರ್ 60 ಮಂದಿಯ ಫಲಿತಾಂಶದಿಂದ ಐದೈದು ಮಂದಿಯ ಗುಂಪುಗಳನ್ನು ಚೀಟಿ ಎತ್ತಿದಂತೆ ಆರಿಸಿ ನೋಡಿದರು. ಸರಾಸರಿ ಶೇ. 85 ಎಂಬುದು ನಿಜವೇ ಆಯಿತು. ಆದರೆ ಒಂದು ಗುಂಪಿಗೆ ಶೇ. 99 ಸಿಕ್ಕರೆ ಮತ್ತೊಂದಕ್ಕೆ ಬರೀ ಶೇ. 55. ಹತ್ತು ಮಂದಿಯಾದರೆ ಅತಿ ಕೆಟ್ಟ ಗುಂಪಿಗೂ ಶೇ. 80 ದೊರೆಯುತ್ತಿತ್ತು. ಅಂದರೆ ಐದು ಮಂದಿಯ ಲೆಕ್ಕ ಸುಳ್ಳಲ್ಲ, ಆದರೆ ಅದೃಷ್ಟದ ಪಾಲು ದೊಡ್ಡದು.

ಈ ವಾಗ್ವಾದದಲ್ಲಿ ಹಲವರು ಮರೆಯುವ ಸಂಗತಿಯೊಂದಿದೆ. ನೀಲ್ಸನ್ ಅವರ ಸಲಹೆಯ ತಿರುಳು ಐದು ಎಂಬ ಅಂಕಿಯಲ್ಲಿ ಇರಲಿಲ್ಲ. ಹದಿನೈದು ಮಂದಿಗೆ ಹಣವಿದ್ದರೆ ಒಮ್ಮೆಗೇ ಖರ್ಚು ಮಾಡದೆ, ಐದೈದು ಮಂದಿಯ ಮೂರು ಸುತ್ತು ಮಾಡಿ, ಪ್ರತಿ ಸುತ್ತಿನ ನಂತರ ತಾಣವನ್ನು ತಿದ್ದಿ ಎಂಬುದೇ ಅವರ ಮಾತು. ಮೊದಲ ಪುಟದ ತೊಡಕಿನಲ್ಲೇ ಸಿಕ್ಕಿಬಿದ್ದವರು ನಾಲ್ಕನೆಯ ಪುಟದ ತೊಡಕನ್ನು ತೋರಿಸಲಾರರು. ಮೊದಲನೆಯದು ಸರಿಯಾದ ಮೇಲಷ್ಟೇ ಮುಂದಿನದು ಕಾಣಿಸುತ್ತದೆ. ಆದ್ದರಿಂದ ಒಂದೇ ದೊಡ್ಡ ಪರೀಕ್ಷೆಗಿಂತ ಹಲವು ಸಣ್ಣ ಪರೀಕ್ಷೆಗಳು ಲೇಸು. ಈ ವಿಷಯದಲ್ಲಿ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯ ಇದ್ದಂತಿಲ್ಲ.

ಪಂಚಾಂಗ ಮೊದಲು, ಪ್ರಶ್ನೆ ಆಮೇಲೆ

'ಡೋಂಟ್ ಮೇಕ್ ಮಿ ಥಿಂಕ್' ಪುಸ್ತಕದ ಲೇಖಕ ಸ್ಟೀವ್ ಕ್ರುಗ್ ಅವರ ಸೂತ್ರ ಬಡ ಸಂಸ್ಥೆಗಳಿಗೂ ಒಗ್ಗುವಂಥದ್ದು: ತಿಂಗಳಿಗೆ ಒಂದು ಬೆಳಗು, ಮೂವರು ಬಳಕೆದಾರರು, ಮಧ್ಯಾಹ್ನದ ಊಟದ ಹೊತ್ತಿಗೆ ಚರ್ಚೆ. ದಿನ ಮೊದಲೇ ನಿಗದಿಯಾಗಿರಬೇಕು, ಉದಾಹರಣೆಗೆ ಪ್ರತಿ ತಿಂಗಳ ಮೂರನೆಯ ಗುರುವಾರ. 'ಹೊಸ ವಿನ್ಯಾಸ ಸಿದ್ಧವಾದ ಮೇಲೆ ಪರೀಕ್ಷಿಸೋಣ' ಎಂದು ಕಾದರೆ ಆ ದಿನ ಬರುವುದೇ ಇಲ್ಲ. ಆ ಗುರುವಾರ ಏನು ಸಿದ್ಧವಿದೆಯೋ ಅದನ್ನೇ ಪರೀಕ್ಷಿಸಬೇಕು. ಹೊಸ ಪುಟ ಇಲ್ಲದಿದ್ದರೆ ಕಾಗದದ ಮೇಲೆ ಬರೆದ ನಕ್ಷೆ, ಅದೂ ಇಲ್ಲದಿದ್ದರೆ ಇದೇ ಸೇವೆ ಕೊಡುವ ಬೇರೊಂದು ತಾಣ. ಹೀಗೆ ನಡೆದರೆ ವರ್ಷಕ್ಕೆ 36 ಮಂದಿಯನ್ನು ನೋಡಿದಂತಾಗುತ್ತದೆ.

ವರ್ಷದ ಪಟ್ಟಿಯನ್ನು ತಾಣದವರ ಅನುಕೂಲಕ್ಕಿಂತ ಬಳಕೆದಾರರ ಋತುಮಾನಕ್ಕೆ ಹೊಂದಿಸುವುದು ವಿವೇಕ. ವಿದ್ಯಾರ್ಥಿವೇತನದ ಪುಟಗಳನ್ನು ಶಾಲೆ ತೆರೆಯುವ ಮುನ್ನ, ಆಸ್ತಿ ತೆರಿಗೆಯ ಪುಟಗಳನ್ನು ಏಪ್ರಿಲ್‌ಗೆ ಮುನ್ನ, ಆದಾಯ ತೆರಿಗೆಗೆ ಸಂಬಂಧಿಸಿದವನ್ನು ಜುಲೈಗೆ ಮುನ್ನ ಪರೀಕ್ಷಿಸಬೇಕು. ಮುನ್ನ ಎಂದರೆ ತಿದ್ದಲು ಸಮಯ ಉಳಿಯುವಷ್ಟು ಮುನ್ನ; ಕನಿಷ್ಠ ಎರಡು ಸುತ್ತು. ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುವಂಥ ಪುಟವಾದರೆ ಇನ್ನಷ್ಟು ಮೊದಲೇ. ಅಲ್ಲಿ ಮೇಲು-ಕೆಳಗಿನ ಬಾಣದ ಗುರುತನ್ನು ತಪ್ಪಾಗಿ ಓದಿಕೊಂಡ ವಿದ್ಯಾರ್ಥಿ ಕಳೆದುಕೊಳ್ಳುವುದು ಬಯಸಿದ ಕಾಲೇಜನ್ನು.

ಯಾರನ್ನು ಕರೆಯಬೇಕು?

ಕಚೇರಿಯ ಸಹೋದ್ಯೋಗಿಯನ್ನು ಕರೆದು ಕೂರಿಸುವುದು ಸುಲಭ. ಅವರಿಗೆ ತಾಣದ ಪರಿಭಾಷೆ ಮೊದಲೇ ಗೊತ್ತಿರುವುದರಿಂದ ಪ್ರಯೋಜನ ಕಡಿಮೆ. ಕ್ರುಗ್ ಅವರ ಪ್ರಕಾರ ಹೊಂದುವ ಬಳಕೆದಾರನನ್ನೇ ಹುಡುಕುತ್ತಾ ಕೂರುವುದಕ್ಕಿಂತ ಸಿಕ್ಕವರನ್ನು ಕರೆದು ಆರಂಭಿಸುವುದು ಮೇಲು. ಮೊದಲ ಎರಡು-ಮೂರು ತಿಂಗಳಿಗೆ ಈ ಸಲಹೆ ಸರಿ. ನಂತರವೂ ಅದನ್ನೇ ಹಿಡಿದರೆ ನಗರದ, ವಿದ್ಯಾವಂತ, ಬಿಡುವಿರುವ ಮಂದಿಯೇ ಬರುತ್ತಿರುತ್ತಾರೆ.

ಕರ್ನಾಟಕದ ತಾಣಗಳ ಮಟ್ಟಿಗೆ ಪಟ್ಟಿಯಲ್ಲಿ ಇರಲೇಬೇಕಾದ ಕೆಲವರಿದ್ದಾರೆ. ಮೊದಲಿಗೆ ಮೊಬೈಲ್ ಒಂದನ್ನೇ ಬಳಸುವವರು. ಮನೆಯ ಎಲ್ಲರಿಗೂ ಒಂದೇ ಸಂಖ್ಯೆ ಇದ್ದು, ಒಟಿಪಿ ಊರಿನಲ್ಲಿಲ್ಲದ ಮಗನ ಕೈಯಲ್ಲಿರುವ ಫೋನಿಗೆ ಹೋಗುವ ಕುಟುಂಬದವರು. ಇತರರ ಅರ್ಜಿ ತುಂಬಿಕೊಡುವ ಸೈಬರ್ ಕೇಂದ್ರದವರು. ಒಂದು ದಿನದಲ್ಲಿ ಇವರು ನೋಡುವ ತಪ್ಪುಗಳನ್ನು ತಾಣದ ತಂಡ ಒಂದು ವರ್ಷದಲ್ಲೂ ನೋಡಿರುವುದಿಲ್ಲ, ಆದರೂ ಇವರನ್ನು ಯಾರೂ ಕೇಳುವುದಿಲ್ಲ. ಕನ್ನಡ ಪುಟವನ್ನೇ ಓದುವವರೂ ಬೇಕು. ಇಂಗ್ಲಿಷ್ ಪುಟಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ ಕನ್ನಡದ ಉದ್ದನೆಯ ಪದ ಹಿಡಿಸದೆ ತುಂಡಾಗುವುದು, ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುವುದು, 'ಸಲ್ಲಿಸು', 'ಮಂಡಿಸು', 'ಉಳಿಸು' ಎಂಬ ಪದಗಳಲ್ಲಿ ಯಾವುದು ಯಾವ ಕೆಲಸಕ್ಕೆ ಎಂದು ತಿಳಿಯದಿರುವುದು ಇವೆಲ್ಲ ಇಂಗ್ಲಿಷ್ ಪುಟದ ಪರೀಕ್ಷೆಯಲ್ಲಿ ಎಂದೂ ಕಾಣುವುದಿಲ್ಲ.

ದೃಷ್ಟಿದೋಷವುಳ್ಳವರನ್ನು 'ವಿಶೇಷ ಸುತ್ತು' ಎಂದು ಕೊನೆಗೆ ತಳ್ಳುವುದು ರೂಢಿ. ಅದು ಸಲ್ಲದು. 2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರ ಸಂಖ್ಯೆ 2.68 ಕೋಟಿ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಪಠ್ಯವನ್ನು ಚಿತ್ರವಾಗಿ ಅಂಟಿಸಿದರೆ ಅದು ಮೌನವಾಗುತ್ತದೆ. ಯುನಿಕೋಡ್ ಅಲ್ಲದ ಹಳೆಯ ಅಕ್ಷರ ವಿನ್ಯಾಸದಲ್ಲಿ ಕಡತ ಹಾಕಿದರೆ ಅರ್ಥವಿಲ್ಲದ ಸದ್ದು ಹೊರಡಿಸುತ್ತದೆ. ಭಾರತ ಸರ್ಕಾರದ ತಾಣಗಳಿಗಾಗಿ 2009ರಲ್ಲಿ ಹೊರಬಂದು 2018 ಮತ್ತು 2023ರಲ್ಲಿ ಪರಿಷ್ಕೃತವಾದ ಮಾರ್ಗಸೂಚಿಗಳು ಇಂಥವರಿಗೂ ತಾಣ ಎಟುಕಬೇಕೆಂದು ಹೇಳುತ್ತವೆ. ಮಾರ್ಗಸೂಚಿಯ ಪಟ್ಟಿಗೆ ಗುರುತು ಹಾಕುವುದು ಒಂದು, ಅಂಥ ಬಳಕೆದಾರರೊಬ್ಬರ ಪಕ್ಕ ಒಂದು ಗಂಟೆ ಕುಳಿತುಕೊಳ್ಳುವುದು ಇನ್ನೊಂದು.

ಬಂದವರಿಗೆ ಸಂಭಾವನೆ ಕೊಡಬೇಕು. ದಿನಗೂಲಿಯವರನ್ನು ಕರೆದರೆ ಬಸ್ ಖರ್ಚಿನ ಜೊತೆಗೆ ಆ ದಿನದ ಕೂಲಿಯನ್ನೂ. ಪರದೆ ಮತ್ತು ಧ್ವನಿಯನ್ನು ದಾಖಲಿಸುವುದಾದರೆ ಏಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸಲಾಗುತ್ತದೆ ಎಂಬುದನ್ನು ಅವರ ಭಾಷೆಯಲ್ಲೇ ಹೇಳಿ ಒಪ್ಪಿಗೆ ಪಡೆಯಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯವೂ ಇದೇ. ಪರೀಕ್ಷೆಯಲ್ಲಿ ನಿಜವಾದ ಆಧಾರ್ ಸಂಖ್ಯೆಯನ್ನೋ ಬ್ಯಾಂಕ್ ಖಾತೆಯನ್ನೋ ಬರೆಸುವುದಂತೂ ಕೂಡದು.

ಬಾಯಿ ಕಟ್ಟಿ ಕೂರುವ ಕಲೆ

ಬಳಕೆದಾರ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡುವ ವಿಧಾನವನ್ನು ಈ ಕ್ಷೇತ್ರಕ್ಕೆ ತಂದವರು ಐಬಿಎಂ ಸಂಸ್ಥೆಯಲ್ಲಿದ್ದ ಕ್ಲೇಟನ್ ಲೂಯಿಸ್, 1982ರಲ್ಲಿ. 'ಇದನ್ನು ಒತ್ತಬೇಕೇನೋ... ಅಲ್ಲ, ಇದು ಜಾಹೀರಾತು' ಎಂಬಂಥ ಅರೆಬರೆ ಮಾತುಗಳೇ ಇಲ್ಲಿ ಚಿನ್ನ. ಪರೀಕ್ಷೆ ನಡೆಸುವವರು ಸಹಾಯ ಮಾಡಬಾರದು. ಕಷ್ಟಪಡುತ್ತಿರುವ ಹಿರಿಯರೊಬ್ಬರನ್ನು ನೋಡುತ್ತಾ ಸುಮ್ಮನೆ ಕೂರುವುದು ನಮ್ಮ ಸಂಸ್ಕಾರಕ್ಕೆ ಒಗ್ಗದ ಕೆಲಸ. ಆದ್ದರಿಂದಲೇ ಅದಕ್ಕೆ ಅಭ್ಯಾಸ ಬೇಕು.

ಕೆಲಸ ಕೊಡುವ ಮಾತಿನಲ್ಲಿ ಪರದೆಯ ಮೇಲಿನ ಪದ ಇರಬಾರದು. ಗುಂಡಿಯ ಮೇಲೆ 'ನವೀಕರಣ' ಎಂದಿದ್ದರೆ 'ಪರವಾನಗಿ ನವೀಕರಿಸಿ' ಎನ್ನುವುದು ಉತ್ತರವನ್ನೇ ಹೇಳಿಕೊಟ್ಟಂತೆ. 'ನಿಮ್ಮ ಅಂಗಡಿಯ ಪರವಾನಗಿ ಮುಂದಿನ ತಿಂಗಳು ಮುಗಿಯುತ್ತದೆ, ಏನು ಮಾಡುತ್ತೀರಿ?' ಎಂದು ಕೇಳಬೇಕು.

ಭಾರತದಲ್ಲಿ ಇನ್ನೊಂದು ತೊಡಕು. ಅತಿಥಿಯಾಗಿ ಬಂದವರು ಆತಿಥೇಯರ ಕೆಲಸವನ್ನು ತೆಗಳುವುದಿಲ್ಲ. ಮೂರು ಬಾರಿ ಎಡವಿದರೂ 'ಎಲ್ಲ ಚೆನ್ನಾಗಿದೆ ಸಾರ್' ಎಂದೇ ಹೇಳಿ ಹೋಗುತ್ತಾರೆ. ಇದಕ್ಕೆ ಅಪಲಾ ಲಾಹಿರಿ ಚವಾಣ್ ಎಂಬ ಭಾರತೀಯ ವಿನ್ಯಾಸ ತಜ್ಞೆ ಕಂಡುಕೊಂಡ ಉಪಾಯಕ್ಕೆ 'ಬಾಲಿವುಡ್ ವಿಧಾನ' ಎಂದೇ ಹೆಸರು. ವಿಮಾನದ ಟಿಕೆಟ್ ಕಾಯ್ದಿರಿಸುವ ತಾಣವನ್ನು ಪರೀಕ್ಷಿಸಲು ಅವರು ಸಪ್ಪೆ ಪ್ರಶ್ನೆ ಕೇಳಲಿಲ್ಲ. ಒಂದು ಸಿನಿಮಾ ಕಥೆ ಹೇಳಿದರು. ನಿಮ್ಮ ಮುಗ್ಧ ಸೋದರ ಸೊಸೆಯ ಮದುವೆ ನಿಶ್ಚಯವಾಗಿದೆ, ಆದರೆ ವರ ಭೂಗತ ಲೋಕದ ಹಂತಕ, ಮೇಲಾಗಿ ಅವನಿಗೆ ಆಗಲೇ ಮದುವೆಯಾಗಿದೆ! ಸಾಕ್ಷ್ಯ ನಿಮ್ಮೊಬ್ಬರ ಬಳಿ ಇದೆ. ಅವನ ಹೆಂಡತಿಯನ್ನೂ ಕರೆದುಕೊಂಡು ಬೆಂಗಳೂರಿನ ಮದುವೆ ಮಂಟಪಕ್ಕೆ ತಲುಪಬೇಕು, ಕೂಡಲೇ ಟಿಕೆಟ್ ತೆಗೆಯಿರಿ. ಕಥೆಯ ಆವೇಶಕ್ಕೆ ಸಿಲುಕಿದವರು ಸಂಕೋಚ ಮರೆತು ತಾಣವನ್ನು ಬಾಯಿ ತುಂಬ ಬೈದರಂತೆ. ಪ್ರತಿ ಪರೀಕ್ಷೆಗೂ ಖಳನಾಯಕ ಬೇಕಿಲ್ಲ. ಆದರೆ ಪಡಿತರ ಚೀಟಿಗೆ ಸೊಸೆಯ ಹೆಸರು ಸೇರಿಸುವಂಥ, ಕೂತವರಿಗೆ ತಮ್ಮದೆನಿಸುವ ಕಥೆಯೊಂದು ಇದ್ದರೆ ಮಾತು ತಾನಾಗಿ ಹೊರಡುತ್ತದೆ.

ಪಕ್ಕದ ಕೋಣೆಯಲ್ಲಿ ಯಾರಿರಬೇಕು?

ಪರೀಕ್ಷೆಯ ವರದಿಯನ್ನು ನಲವತ್ತು ಪುಟ ಬರೆದು ಕೊಟ್ಟರೆ ಅದು ಕಪಾಟು ಸೇರುತ್ತದೆ. ತಂತ್ರಾಂಶ ಬರೆದವರು, ಅನುವಾದಕರು, ಹಣ ಮಂಜೂರು ಮಾಡುವ ಅಧಿಕಾರಿ, ದೂರವಾಣಿಯಲ್ಲಿ ದೂರು ಕೇಳುವವರು ಇವರೆಲ್ಲ ಪಕ್ಕದ ಕೋಣೆಯಲ್ಲಿ ಕುಳಿತು ಪರದೆಯನ್ನು ನೇರವಾಗಿ ನೋಡಿದರೆ ವರದಿಯೇ ಬೇಡ. ತಂಡದ ಪ್ರತಿಯೊಬ್ಬರೂ ಆರು ವಾರಗಳಿಗೆ ಕನಿಷ್ಠ ಎರಡು ಗಂಟೆ ಬಳಕೆದಾರರನ್ನು ನೋಡುತ್ತಾ ಕಳೆಯಬೇಕೆಂಬುದು ಸ್ಪೂಲ್ ಹಾಕಿಕೊಟ್ಟ ಅಳತೆ. ಬ್ರಿಟನ್ನಿನ ಘಟಕವೂ ಅದನ್ನು ತನ್ನ ತಂಡಗಳಿಗೆ ಅನ್ವಯಿಸಿತು.

ಅಂದು ಮಧ್ಯಾಹ್ನವೇ ಪ್ರತಿಯೊಬ್ಬರೂ ತಾವು ಕಂಡ ಅತಿ ಗಂಭೀರವಾದ ಮೂರು ತೊಡಕುಗಳನ್ನು ಹೇಳಬೇಕು. ಅವುಗಳಲ್ಲಿ ಮುಂದಿನ ಗುರುವಾರದೊಳಗೆ ತಿದ್ದಬಹುದಾದವನ್ನು ಆರಿಸಿ, ಎದುರಿಗೆ ಹೆಸರು ಬರೆಯಬೇಕು. ತಿದ್ದುಪಡಿ ಸಣ್ಣದಾದಷ್ಟೂ ಒಳ್ಳೆಯದು. ಇಡೀ ಪುಟ ಬದಲಿಸುವ ಆಸೆ ಬಂದಾಗ ಒಂದು ಪದ ಬದಲಿಸಿದರೆ ಸಾಕೇ ಎಂದು ಮೊದಲು ನೋಡಬೇಕು.

ಒಂದೇ ಸುತ್ತಿನ ತೀರ್ಪನ್ನು ವೇದವಾಕ್ಯವೆಂದು ತಿಳಿಯುವುದು ಅಪಾಯಕಾರಿ ಎಂಬುದಕ್ಕೆ ಡೆನ್ಮಾರ್ಕಿನ ರಾಲ್ಫ್ ಮೋಲಿಕ್ ನಡೆಸಿದ ಪ್ರಯೋಗ ಸಾಕ್ಷಿ. 1990ರ ದಶಕದ ಕೊನೆಗೆ ಒಂಬತ್ತು ತಂಡಗಳು ಸ್ವತಂತ್ರವಾಗಿ ಹಾಟ್‌ಮೇಲ್ ತಾಣವನ್ನು ಪರೀಕ್ಷಿಸಿದವು. ಒಟ್ಟು 310 ತೊಡಕುಗಳು ವರದಿಯಾದವು. ಅವುಗಳಲ್ಲಿ ಶೇ. 75 ಕೇವಲ ಒಂದೊಂದು ತಂಡದ ಕಣ್ಣಿಗಷ್ಟೇ ಬಿದ್ದಿದ್ದವು. ಒಂಬತ್ತೂ ತಂಡಗಳು ಕಂಡ ತೊಡಕು ಒಂದೂ ಇರಲಿಲ್ಲ. ತಜ್ಞರ ಪಾಡೇ ಹೀಗಿರುವಾಗ ತಿಂಗಳು ತಿಂಗಳು ಮರಳಿ ನೋಡುವುದಲ್ಲದೆ ಬೇರೆ ದಾರಿ ಕಾಣದು.

ಅಂಕಿಯ ಆಸೆ ಇರುವವರಿಗೆ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಉತ್ತರಗಳಿಂದ 0ಯಿಂದ 100ರವರೆಗಿನ ಅಂಕ ಬರುತ್ತದೆ. 68 ಅನ್ನು ಸಾಮಾನ್ಯವಾಗಿ ಸರಾಸರಿ ಎಂದು ಪರಿಗಣಿಸುತ್ತಾರೆ. ಇದು ಶೇಕಡಾವಾರು ಅಲ್ಲ. ಮೂವರ ಅಂಕವನ್ನು ಹಿಡಿದು ಏರಿತು, ಇಳಿಯಿತು ಎಂದು ನಕ್ಷೆ ಬರೆಯುವುದೂ ತರವಲ್ಲ.

ಪರದೆಯಾಚೆಗಿನ ತೊಡಕು

ನಿಯಮ ಬರೆದವರೂ ಎಡವುತ್ತಾರೆ. ಬ್ರಿಟನ್ನಿನ ಅದೇ ಘಟಕ 2016ರ ಮೇ ತಿಂಗಳಲ್ಲಿ 'ವೆರಿಫೈ' ಎಂಬ ಗುರುತು ದೃಢೀಕರಣ ಸೇವೆಯನ್ನು ತೆರೆಯಿತು. ಯತ್ನಿಸಿದವರಲ್ಲಿ ಶೇ. 90 ಮಂದಿ ಯಶಸ್ವಿಯಾಗಬೇಕೆಂಬುದು ಗುರಿ. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರ ಮಾರ್ಚ್‌ನಲ್ಲಿ ನೀಡಿದ ವರದಿಯಂತೆ ಯಶಸ್ಸು ಕಂಡವರು ಶೇ. 48. ಬಡವರಿಗೆ ಸಿಗುವ ಯೂನಿವರ್ಸಲ್ ಕ್ರೆಡಿಟ್ ಭತ್ಯೆಗೆ ಅರ್ಜಿ ಹಾಕಿದವರಲ್ಲಂತೂ ಆನ್‌ಲೈನಿನಲ್ಲಿ ಗುರುತು ಸಾಬೀತುಪಡಿಸಲು ಸಾಧ್ಯವಾದದ್ದು ಶೇ. 38 ಮಂದಿಗೆ. ಉಳಿದವರು ಬೇರೆ ದಾರಿ ಹಿಡಿಯಬೇಕಾಯಿತು. ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಸಾಲದ ಇತಿಹಾಸ ಇಲ್ಲದವರಿಗೆ ಗುಂಡಿ ಎಷ್ಟು ದೊಡ್ಡದಾಗಿದ್ದರೇನು, ಪದ ಎಷ್ಟು ತಿಳಿಯಾಗಿದ್ದರೇನು? ಆ ಸೇವೆ 2023ರಲ್ಲಿ ಮುಚ್ಚಿತು.

ಇಂಥ ತೊಡಕನ್ನು ಹಿಡಿಯಲು ಯೋಜನೆಯಲ್ಲಿ ಎರಡು ಏರ್ಪಾಡು ಇರಬೇಕು. ಮೊದಲನೆಯದು, ಪರೀಕ್ಷೆಗೆ ಬಂದವರು ಸಿದ್ಧ ಮಾದರಿ ದಾಖಲೆಯ ಬದಲು ತಮ್ಮ ಮನೆಯಲ್ಲಿರುವ ಕಾಗದಪತ್ರಗಳನ್ನು ತಂದು, ಅರ್ಜಿ ಕೇಳುವುದರಲ್ಲಿ ಯಾವುದು ತಮ್ಮ ಬಳಿ ಇದೆ, ಯಾವುದು ಇಲ್ಲ ಎಂದು ಹೇಳುವ ಒಂದು ಸುತ್ತು. ಸಂಖ್ಯೆಗಳನ್ನು ತಾಣಕ್ಕೆ ಉಣಿಸಬೇಕಿಲ್ಲ. ಎರಡನೆಯದು, ಯಾವ ಪುಟದಲ್ಲಿ ಎಷ್ಟು ಮಂದಿ ಅರ್ಜಿ ಕೈಬಿಟ್ಟರು ಎಂಬ ತಿಂಗಳ ಲೆಕ್ಕ. ಎಲ್ಲಿ ಬಿಟ್ಟರು ಎಂಬುದನ್ನು ಆ ಲೆಕ್ಕ ಹೇಳುತ್ತದೆ, ಏಕೆ ಎಂಬುದನ್ನು ಗುರುವಾರದ ಕೋಣೆ ಹೇಳುತ್ತದೆ.

ಗೋಡೆಯ ಮೇಲಿನ ತೊಡಕುಗಳ ಪಟ್ಟಿಯಲ್ಲಿ ಮೊದಲು ಕಂಡ ತಿಂಗಳು, ಮತ್ತೆ ಕಂಡ ತಿಂಗಳು, ತಿದ್ದಬೇಕಾದವರ ಹೆಸರು ಇವಿಷ್ಟು ಇದ್ದರೆ ಸಾಕು. 'ಕೊನೆಯ ಹೆಸರು' ಎಂಬ ಖಾನೆ ಮೂರು ತಿಂಗಳು ಸತತವಾಗಿ ಅದೇ ಪಟ್ಟಿಯಲ್ಲಿ ಉಳಿದರೆ ಮುಂದಿನ ಸುತ್ತಿಗೆ ಆ ವಿಭಾಗದ ಮುಖ್ಯಸ್ಥರನ್ನೇ ಬಳಕೆದಾರರ ಕುರ್ಚಿಯಲ್ಲಿ ಕೂರಿಸಿ, ತಂದೆಯ ಹೆಸರಿನ ಮೊದಲಕ್ಷರವಷ್ಟೇ ಇರುವ ವಿದ್ಯಾರ್ಥಿನಿಯೊಬ್ಬಳ ಅರ್ಜಿ ತುಂಬಲು ಹೇಳಬಹುದು.